ಓಕೆ, ಕೋಕ್, ಅಮೃತಧಾರಾ: ತಪ್ಪು ಕಾಗುಣಿತದ ಒಂದು ಚರಿತ್ರೆ

1839ನೆಯ ಇಸವಿಯ ಮಾರ್ಚ್ 23ರಂದು ಅಮೆರಿಕದ 'ಬಾಸ್ಟನ್ ಮಾರ್ನಿಂಗ್ ಪೋಸ್ಟ್' ಎಂಬ ಪತ್ರಿಕೆಯಲ್ಲಿ ಒಂದು ಕುಚೋದ್ಯದ ಬರಹ ಪ್ರಕಟವಾಯಿತು. ಅದರ ಸಂಪಾದಕ ಚಾರ್ಲ್ಸ್ ಗಾರ್ಡನ್ ಗ್ರೀನ್. ಬಾಸ್ಟನ್ನಿನಲ್ಲಿ 'ಘಂಟೆ ಬಾರಿಸುವುದರ ವಿರೋಧಿ ಸಂಘ' ಎಂಬ, ಹೆಸರೇ ನಗೆ ತರಿಸುವ, ಒಂದು ಸಂಘವಿತ್ತು. ಅದರ ಸದಸ್ಯರ ಪ್ರವಾಸದ ಬಗ್ಗೆ ನೆರೆಯೂರಿನ ಪತ್ರಿಕೆಯವರನ್ನು ಛೇಡಿಸುತ್ತ ಬರೆದ ನಾಲ್ಕು ಸಾಲುಗಳ ನಡುವೆ 'ಓ.ಕೆ.' ಎಂಬ ಎರಡಕ್ಷರವೂ, ಅದರ ಪಕ್ಕದಲ್ಲಿಯೇ 'ಆಲ್ ಕರೆಕ್ಟ್' ಎಂಬ ವಿವರಣೆಯೂ ಇದ್ದವು. 'ಎಲ್ಲವೂ ಸರಿಯಾಗಿದೆ' ಎಂದು ಅರ್ಥ. ಇಂಗ್ಲಿಷಿನಲ್ಲಿ ಈ ಎರಡು ಪದಗಳ ಮೊದಲಕ್ಷರಗಳು 'ಎ' ಮತ್ತು 'ಸಿ' ಎಂಬುದನ್ನು ಎಂಟನೆಯ ತರಗತಿಯ ಹುಡುಗನೂ ಬಲ್ಲ. ಹಾಗಿದ್ದ ಮೇಲೆ 'ಓ' ಮತ್ತು 'ಕೆ' ಬಂದದ್ದೆಲ್ಲಿಂದ? ಓದುಬರಹ ಬಾರದವನೊಬ್ಬ ಕಿವಿಗೆ ಕೇಳಿದಂತೆ ಆ ಮಾತನ್ನು ಬರೆದರೆ ಹೇಗೆ ಬರೆದಾನೋ ಹಾಗೆ ಬರೆದದ್ದು ಅದು. ಎಲ್ಲವೂ ಸರಿಯಾಗಿದೆ ಎಂದು ಹೇಳುವ ಮಾತಿನಲ್ಲಿಯೇ ಒಂದಕ್ಷರವೂ ಸರಿಯಿಲ್ಲದಿರುವುದು ಅಲ್ಲಿಯ ವಿನೋದ.

ಆ ಒಂದೆರಡು ವರ್ಷ ಬಾಸ್ಟನ್ನಿನ ಪತ್ರಿಕೆಗಳಿಗೆ ಇಂತಹ ಮೊದಲಕ್ಷರಗಳ ಹುಚ್ಚು ಹಿಡಿದಿತ್ತು. 'ಆಲ್ ರೈಟ್' ಎಂಬುದನ್ನು 'ಓ.ಡಬ್ಲ್ಯು.' ಎಂದು ಬರೆಯುತ್ತಿದ್ದರು. 'ನೋ ಯೂಸ್' ಎಂಬುದನ್ನು 'ಕೆ.ವೈ.' ಎನ್ನುತ್ತಿದ್ದರು. ಇವೆಲ್ಲ ಆಯಾ ಕಾಲದ ಪಡ್ಡೆಮಾತುಗಳಂತೆ ಎದ್ದು ಅಡಗಿದವು. 'ಓ.ಕೆ.' ಒಂದು ಮಾತ್ರ ಉಳಿದುಕೊಂಡಿತು. ಅದಕ್ಕೆ ಕಾರಣ ಭಾಷೆಯಲ್ಲ, ಚುನಾವಣೆ.

1840ರಲ್ಲಿ ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರನ್ ಎರಡನೆಯ ಬಾರಿಗೆ ಸ್ಪರ್ಧಿಸಿದರು. ಅವರು ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಎಂಬ ಊರಿನಲ್ಲಿ. ಅಭಿಮಾನಿಗಳು ಅವರನ್ನು 'ಓಲ್ಡ್ ಕಿಂಡರ್‌ಹುಕ್' ಎನ್ನುತ್ತಿದ್ದರು. ಮೊದಲಕ್ಷರಗಳು ಮತ್ತೆ 'ಓ' ಮತ್ತು 'ಕೆ'! ನ್ಯೂಯಾರ್ಕಿನಲ್ಲಿ 'ಓ.ಕೆ. ಕ್ಲಬ್' ಸ್ಥಾಪನೆಯಾಯಿತು, ಅದು ಅವರ ಪಕ್ಷದವರ ಘೋಷಣೆಯೂ ಆಯಿತು. ಎದುರು ಪಕ್ಷದವರು ಸುಮ್ಮನಿರುತ್ತಾರೆಯೇ? ವ್ಯಾನ್ ಬ್ಯೂರನ್ನರ ಹಿಂದಿನ ಅಧ್ಯಕ್ಷರೂ ಅವರ ರಾಜಕೀಯ ಗುರುವೂ ಆಗಿದ್ದ ಆಂಡ್ರೂ ಜಾಕ್ಸನ್ನರ ಮೇಲೆ ಒಂದು ಕಥೆ ಕಟ್ಟಿದರು. ಜಾಕ್ಸನ್ನರಿಗೆ ಕಾಗುಣಿತ ಬಾರದು, ಸರಿಯೆಂದು ಒಪ್ಪಿಗೆ ಕೊಟ್ಟ ಕಾಗದಗಳ ಮೇಲೆ ಅವರು 'ಓ.ಕೆ.' ಎಂದೇ ಬರೆಯುತ್ತಿದ್ದರು ಎಂಬುದು ಆ ಕಥೆ. ಕಾಡುಗಡಿಯ ಸೀಮೆಯಿಂದ ಬಂದ, ಕಾಲೇಜು ಮೆಟ್ಟಲು ತುಳಿಯದ ಮನುಷ್ಯ ಅಧ್ಯಕ್ಷನಾದುದನ್ನು ಸಹಿಸದವರಿಗೆ ಇದು ಬಹಳ ರುಚಿಸಿತು. ವ್ಯಾನ್ ಬ್ಯೂರನ್ ಆ ಚುನಾವಣೆಯಲ್ಲಿ ವಿಲಿಯಂ ಹೆನ್ರಿ ಹ್ಯಾರಿಸನ್ನರ ಎದುರು ಸೋತರು. ಅವರ ಘೋಷಣೆ ಗೆದ್ದಿತು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. 'ಓಕೆ'ಯ ಹುಟ್ಟಿನಲ್ಲಿಯೂ ಬೆಳವಣಿಗೆಯಲ್ಲಿಯೂ ಇರುವುದು ಒಂದೇ ಬಗೆಯ ನಗೆ: ಓದಿದವನು ಓದದವನನ್ನು ನೋಡಿ ನಗುವ ನಗೆ. ನಮ್ಮ ಶಾಲೆಗಳಲ್ಲಿಯೂ ಈ ನಗೆಯನ್ನು ನಾನು ಸಾಕಷ್ಟು ಕೇಳಿದ್ದೇನೆ. ಹಳ್ಳಿಯಿಂದ ಬಂದ ಹುಡುಗ 'ಲೈಪ್‌ಬಾಯ್ ಸೋಪು' ಎಂದನೆಂದರೆ ಪೇಟೆಯ ಹುಡುಗರು ಮುಸಿಮುಸಿ ನಗುತ್ತಿದ್ದರು. ಆ ಸಾಬೂನಿನ ಕಥೆಗೆ ಮುಂದೆ ಬರುತ್ತೇನೆ.

ಓಕೆಯ ಮೂಲ ಮುಂದೆ ನೂರಿಪ್ಪತ್ತು ವರ್ಷ ಮರೆತೇಹೋಯಿತು. ಮರೆತ ಮೇಲೆ ಊಹೆಗಳಿಗೆ ಬರವೇ? ಗ್ರೀಕ್ ಭಾಷೆಯ 'ಓಲಾ ಕಾಲಾ' ಎಂಬುದರಿಂದ ಬಂದಿತು ಎಂದರು ಕೆಲವರು. ಸ್ಕಾಟ್ಲೆಂಡಿನವರ 'ಓಖ್ ಐ' ಎಂಬ ಉದ್ಗಾರದಿಂದ ಎಂದರು ಇನ್ನು ಕೆಲವರು. ಪಶ್ಚಿಮ ಆಫ್ರಿಕದ ಭಾಷೆಗಳಲ್ಲಿಯೂ ಫಿನ್ನಿಷ್ ಭಾಷೆಯಲ್ಲಿಯೂ ಬೇರು ಹುಡುಕಿದವರಿದ್ದರು. ಚಾಕ್ಟಾ ಎಂಬ ಅಮೆರಿಕದ ಮೂಲನಿವಾಸಿಗಳ ಭಾಷೆಯಲ್ಲಿ 'ಓಕೆಹ್' ಎಂಬುದಕ್ಕೆ 'ಹಾಗೆಯೇ ಇದೆ' ಎಂಬ ಅರ್ಥವಿದೆ, ಆದ್ದರಿಂದ ಕೊನೆಯಲ್ಲಿ 'ಹ್' ಸೇರಿಸಿ ಬರೆಯುವುದೇ ಶುದ್ಧ ಎಂಬ ವಾದಕ್ಕೆ ಬಹಳ ಮನ್ನಣೆ ದೊರೆಯಿತು. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದು ಅನಂತರ ಅಮೆರಿಕದ ಅಧ್ಯಕ್ಷರಾದ ವುಡ್ರೋ ವಿಲ್ಸನ್ ತಮ್ಮ ಕಡತಗಳ ಮೇಲೆ ಹಾಗೆಯೇ ಬರೆಯುತ್ತಿದ್ದರು. ಅಂದರೆ ಅವಿದ್ಯಾವಂತ ಅಧ್ಯಕ್ಷರ ತಪ್ಪು ಎಂದು ಯಾವುದನ್ನು ಗೇಲಿ ಮಾಡಲಾಯಿತೋ ಅದನ್ನೇ ಮಹಾವಿದ್ವಾಂಸರಾದ ಇನ್ನೊಬ್ಬ ಅಧ್ಯಕ್ಷರು ಶುದ್ಧರೂಪಕ್ಕೆ ತಿದ್ದಿ ಬಳಸಿದರು. ತಮಾಷೆಯೆಂದರೆ ತಿದ್ದಿದ ರೂಪವೇ ತಪ್ಪಾಗಿತ್ತು. 1918ರಲ್ಲಿ ಆಟೋ ಹೈನೆಮನ್ ಎಂಬವರು ಗ್ರಾಮಾಫೋನ್ ತಟ್ಟೆಗಳ ಒಂದು ವ್ಯಾಪಾರ ಆರಂಭಿಸಿ ಅದಕ್ಕೂ 'ಓಕೆ' ಎಂದೇ ಹೆಸರಿಟ್ಟು, ಕೊನೆಗೆ ಆ 'ಹ್' ಅಕ್ಷರವನ್ನು ಉಳಿಸಿಕೊಂಡರು. ಅವರ ಪೂರ್ಣನಾಮದ ಮೊದಲಕ್ಷರಗಳೂ ಅವೇ ಆಗಿದ್ದವು.

ಈ ಊಹೆಗಳ ರಾಶಿಯನ್ನು ಗುಡಿಸಿ ಹಾಕಿದವರು ಕೊಲಂಬಿಯ ವಿಶ್ವವಿದ್ಯಾಲಯದ ಅಲನ್ ವಾಕರ್ ರೀಡ್. 1963 ಮತ್ತು 1964ರಲ್ಲಿ 'ಅಮೆರಿಕನ್ ಸ್ಪೀಚ್' ಎಂಬ ವಿದ್ವತ್‌ಪತ್ರಿಕೆಯಲ್ಲಿ ಅವರು ಬರೆದ ಲೇಖನಮಾಲೆ ಶಬ್ದಶೋಧನೆಗೆ ಒಂದು ಮಾದರಿ. ಹಳೆಯ ದಿನಪತ್ರಿಕೆಗಳ ಕಟ್ಟುಗಳನ್ನು ಪುಟಪುಟವಾಗಿ ತಿರುವಿ, ಬಾಸ್ಟನ್ನಿನ ಕುಚೋದ್ಯವನ್ನೂ ಕಿಂಡರ್‌ಹುಕ್ಕಿನ ಚುನಾವಣೆಯನ್ನೂ ದಿನಾಂಕಸಹಿತ ಮುಂದಿಟ್ಟರು. ಜಾಕ್ಸನ್ನರ ಮೇಲಿನ ಕಥೆ ಹೇಗೆ ಹುಟ್ಟಿತೆಂಬುದನ್ನೂ ತೋರಿಸಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಚರಿತ್ರೆ ಕಲಿಸುವವರು 'ಆಕರ' ಎಂದರೆ ಏನೆಂದು ಮಕ್ಕಳಿಗೆ ತಿಳಿಸಲು ಶಾಸನಗಳ ಜೊತೆಗೆ ಈ ಕಥೆಯನ್ನೂ ಹೇಳಬಹುದು.

ಇಷ್ಟಾದರೂ ಅದನ್ನು ಬರೆಯುವುದು ಹೇಗೆಂಬ ಜಗಳ ಇಂದಿಗೂ ತೀರಿಲ್ಲ. ಎರಡು ದೊಡ್ಡಕ್ಷರ ಸಾಕೆಂಬವರುಂಟು, ನಡುವೆ ಚುಕ್ಕಿ ಬೇಕೆಂಬವರುಂಟು, ನಾಲ್ಕಕ್ಷರದಲ್ಲಿ ಬಿಡಿಸಿ ಬರೆಯುವವರುಂಟು. ಕನ್ನಡದಲ್ಲಿ ಈ ರಗಳೆ ಬಹುಮಟ್ಟಿಗೆ ಇಲ್ಲ. ನಾವು 'ಓಕೆ' ಎಂದು ಬರೆದು ಮುಂದೆ ಹೋಗುತ್ತೇವೆ. 'ಆಗಲಿ', 'ಸರಿ', 'ಹೂಂ' ಎಂಬ ಮೂರು ಮಾತುಗಳಿರುವ ಭಾಷೆಗೆ ಅದು ಬೇಕಿತ್ತೇ ಎಂಬುದು ಬೇರೆ ಪ್ರಶ್ನೆ.

ಈಗ 'ಕೆ' ಅಕ್ಷರದ ಕಡೆಗೆ ತಿರುಗೋಣ. ಇಂಗ್ಲಿಷಿನಲ್ಲಿ ಕಕಾರದ ಧ್ವನಿಗೆ 'ಸಿ', 'ಕೆ', 'ಕ್ಯೂ' ಎಂದು ಮೂರು ಅಕ್ಷರಗಳು ದುಡಿಯುತ್ತವೆ. ಒಂದೇ ಕೆಲಸಕ್ಕೆ ಮೂವರನ್ನು ಇಟ್ಟುಕೊಂಡ ಮನೆಯಂತೆ ಅಲ್ಲಿ ಸದಾ ಗಲಿಬಿಲಿ. ನೋವಾ ವೆಬ್‌ಸ್ಟರ್ ತನ್ನ ನಿಘಂಟುಗಳಲ್ಲಿ 'ಮ್ಯೂಸಿಕ್', 'ಪಬ್ಲಿಕ್' ಮೊದಲಾದ ಪದಗಳ ಕೊನೆಯಲ್ಲಿದ್ದ ಅನವಶ್ಯಕ 'ಕೆ'ಯನ್ನು ಕಿತ್ತುಹಾಕಿದ. ಆ ತಿದ್ದುಪಡಿ ನಿಂತಿತು. ನಾಲಗೆಗೂ ಹೆಂಗಸರಿಗೂ ಇರುವ ಇಂಗ್ಲಿಷ್ ಪದಗಳನ್ನು ಉಚ್ಚಾರದಂತೆಯೇ ಬರೆಯಬೇಕೆಂದು 1806ರ ನಿಘಂಟಿನಲ್ಲಿ ಸೂಚಿಸಿದ, ಅದು ನಿಲ್ಲಲಿಲ್ಲ. ನೂರು ವರ್ಷಗಳ ಬಳಿಕ, 1906ರಲ್ಲಿ, ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸರ್ಕಾರಿ ಮುದ್ರಣಾಲಯವು 300 ಪದಗಳನ್ನು ಸರಳ ಕಾಗುಣಿತದಲ್ಲಿಯೇ ಅಚ್ಚು ಹಾಕಬೇಕೆಂದು ಆಜ್ಞೆ ಹೊರಡಿಸಿದರು. ಪತ್ರಿಕೆಗಳು ಅವರನ್ನು ಹಾಸ್ಯ ಮಾಡಿದವು, ಕೆಲವೇ ತಿಂಗಳಲ್ಲಿ ಸಂಸತ್ತು ಹಳೆಯ ಕಾಗುಣಿತವನ್ನೇ ಎತ್ತಿಹಿಡಿಯಿತು, ಆಜ್ಞೆ ಬಿದ್ದುಹೋಯಿತು.

ನಿಘಂಟುಕಾರನಿಂದಲೂ ರಾಷ್ಟ್ರಾಧ್ಯಕ್ಷನಿಂದಲೂ ಪೂರ್ತಿಯಾಗದ ಈ ಕೆಲಸವನ್ನು ಅಂಗಡಿಯವರು ಯಾರ ಅಪ್ಪಣೆಯನ್ನೂ ಕೇಳದೆ ಮಾಡಿದರು. ಅವರಿಗೆ ಭಾಷಾಸುಧಾರಣೆಯ ಉದ್ದೇಶವೇನೂ ಇರಲಿಲ್ಲ. ಸಾಮಾನ್ಯ ಪದವೊಂದನ್ನು ತಮ್ಮ ಸರಕಿನ ಹೆಸರಾಗಿ ಸ್ವಂತ ಮಾಡಿಕೊಳ್ಳಬೇಕು, ಅದಕ್ಕಾಗಿ ಅದರ ಕಾಗುಣಿತವನ್ನು ಕೆಡಿಸಬೇಕು, ಅಷ್ಟೇ. 1898ರಲ್ಲಿ ನ್ಯಾಷನಲ್ ಬಿಸ್ಕಿಟ್ ಕಂಪನಿಯು 'ಯುನೀಡ' ಎಂಬ ಬಿಸ್ಕತ್ತನ್ನು ಮಾರುಕಟ್ಟೆಗೆ ತಂದಿತು. ಬಾಯಿಬಿಟ್ಟು ಹೇಳಿದರೆ 'ನಿಮಗೊಂದು ಬೇಕು' ಎಂಬ ಇಂಗ್ಲಿಷ್ ವಾಕ್ಯವೇ ಕೇಳಿಸುತ್ತದೆ. ಇದನ್ನು ಕಂಡ ಇನ್ನೊಬ್ಬ ವ್ಯಾಪಾರಿ 'ಐವಾಂಟ', ಅಂದರೆ 'ನನಗೊಂದು ಬೇಕು', ಎಂಬ ಬಿಸ್ಕತ್ತನ್ನು ಹೊರತಂದ! 1899ರಲ್ಲಿ ವ್ಯಾಜ್ಯ ನ್ಯಾಯಾಲಯಕ್ಕೆ ಹೋಗಿ, 'ನನಗೊಂದು ಬೇಕು' ಎಂದವನಿಗೆ ತಡೆಯಾಜ್ಞೆ ಬಂದಿತು.

ಜಾರ್ಜ್ ಈಸ್ಟ್‌ಮನ್ ಇನ್ನೂ ಬುದ್ಧಿವಂತ. 1888ರಲ್ಲಿ ತನ್ನ ಕ್ಯಾಮೆರಾಕ್ಕೆ 'ಕೊಡ್ಯಾಕ್' ಎಂದು ಹೆಸರಿಟ್ಟ. ಆ ಪದಕ್ಕೆ ಯಾವ ಭಾಷೆಯಲ್ಲಿಯೂ ಅರ್ಥವಿಲ್ಲ. 'ಕೆ' ಅಕ್ಷರ ಆತನಿಗೆ ಬಲು ಪ್ರಿಯ. ಅದರಲ್ಲಿ ಒಂದು ಗಡಸು ಇದೆ ಎಂದು ಅವನ ನಂಬಿಕೆ. ಆದ್ದರಿಂದ ಮೊದಲಿಗೂ ಕೊನೆಗೂ ಅದನ್ನೇ ಇಟ್ಟ. ಹೆಸರು ಚಿಕ್ಕದಾಗಿರಬೇಕು, ಯಾರೂ ತಪ್ಪಾಗಿ ಉಚ್ಚರಿಸುವಂತಿರಬಾರದು, ಬೇರೆ ಯಾವುದನ್ನೂ ಹೋಲಬಾರದು ಎಂಬವು ಅವನ ನಿಯಮಗಳು. ಎರಡನೆಯ ನಿಯಮ ಕರ್ನಾಟಕದಲ್ಲಿ ಪೂರ್ತಿ ಫಲಿಸಲಿಲ್ಲ. ಇಲ್ಲಿ ಅದು ಕೊಡಾಕ್, ಕೊಡಕ್, ಕೋಡಕ್ ಎಂದು ಬಗೆಬಗೆಯಾಯಿತು. ಇಂತಹ ಹೆಸರುಗಳು ಎಷ್ಟು ಹೆಚ್ಚಿದವೆಂದರೆ, 1925ರಲ್ಲಿ ನೆಬ್ರಾಸ್ಕದ ಭಾಷಾವಿದುಷಿ ಲೂಯಿಸ್ ಪೌಂಡ್ 'ಅಮೆರಿಕನ್ ಸ್ಪೀಚ್' ಪತ್ರಿಕೆಯ ಮೊದಲ ಸಂಪುಟದಲ್ಲಿಯೇ ಈ 'ಕೆ' ವ್ಯಾಮೋಹದ ಮೇಲೊಂದು ಲೇಖನ ಬರೆದರು. ಶೀರ್ಷಿಕೆಯಲ್ಲಿ 'ಕ್ರೇಜ್' ಎಂಬ ಪದವನ್ನೂ 'ಕೆ'ಯಿಂದಲೇ ಆರಂಭಿಸಿ ತಾವೂ ಒಂದು ಕೈ ನೋಡಿಕೊಂಡರು.

ಈ ಅಕ್ಷರದ ಅತಿ ದೊಡ್ಡ ವ್ಯಾಜ್ಯ ನಡೆದದ್ದು ಒಂದು ತಂಪು ಪಾನೀಯದ ಹೆಸರಿನಲ್ಲಿ. 1886ರಲ್ಲಿ ಅಟ್ಲಾಂಟ ನಗರದ ಔಷಧವ್ಯಾಪಾರಿ ಜಾನ್ ಪೆಂಬರ್ಟನ್ ಒಂದು ಪಾನಕವನ್ನು ತಯಾರಿಸಿದರು. ಅದರಲ್ಲಿ ಕೋಕಾ ಎಲೆಯ ಸಾರವೂ ಕೋಲಾ ಬೀಜದ ಸಾರವೂ ಇದ್ದವು. ಅವರ ಲೆಕ್ಕಪತ್ರ ನೋಡುತ್ತಿದ್ದ ಫ್ರಾಂಕ್ ರಾಬಿನ್‌ಸನ್ ಅದಕ್ಕೆ 'ಕೋಕಾ-ಕೋಲಾ' ಎಂದು ಹೆಸರು ಸೂಚಿಸಿದರು. ಕೋಲಾ ಬೀಜದ ಹೆಸರಿಗೆ ಇಂಗ್ಲಿಷಿನಲ್ಲಿ 'ಕೆ' ರೂಢಿಯಲ್ಲಿತ್ತು. ಜಾಹೀರಾತಿನಲ್ಲಿ ಎರಡು 'ಸಿ' ಅಕ್ಕಪಕ್ಕ ನಿಂತರೆ ಚೆನ್ನಾಗಿ ಕಾಣುತ್ತದೆ ಎಂದು ಅವರು 'ಕೆ'ಯನ್ನು ಬಿಟ್ಟು 'ಸಿ'ಯನ್ನು ಹಿಡಿದರು. ಲೋಕವೆಲ್ಲ 'ಸಿ'ಯನ್ನು ಕೆಡಿಸಿ 'ಕೆ' ಮಾಡುತ್ತಿದ್ದ ಕಾಲದಲ್ಲಿ ಇದು ಹಿಮ್ಮೊಗದ ನಡಿಗೆ.

ಜನರಿಗೆ ಅಷ್ಟುದ್ದ ಹೆಸರು ಹೇಳುವ ವ್ಯವಧಾನವಿರಲಿಲ್ಲ. ಅಂಗಡಿಯಲ್ಲಿ ನಿಂತು 'ಒಂದು ಕೋಕ್ ಕೊಡಿ' ಎನ್ನತೊಡಗಿದರು. ಅಮೆರಿಕದ ದಕ್ಷಿಣದ ಕಡೆ 'ಡೋಪ್' ಎಂದೂ ಕೇಳುತ್ತಿದ್ದರು. ಎರಡೂ ಬೀದಿಮಾತುಗಳು, ಎರಡರಲ್ಲಿಯೂ ಮಾದಕವಸ್ತುವಿನ ವಾಸನೆ. ಪಾನೀಯದಲ್ಲಿ ಮೊದಲಿದ್ದ ಕೊಕೇನಿನ ಅಂಶವನ್ನು ತೆಗೆದುಹಾಕಿದ್ದ ಕಂಪನಿಗೆ ಇದು ಇರುಸುಮುರುಸಿನ ಸಂಗತಿ. ಪೂರ್ಣ ಹೆಸರು ಹೇಳಿ ಕೇಳಿರಿ, ಅಡ್ಡಹೆಸರಿನಿಂದ ಕೇಳಿದರೆ ನಕಲಿ ಮಾಲು ಕೊಡುತ್ತಾರೆ ಎಂದು ಅದು ಜಾಹೀರಾತು ಕೊಟ್ಟು ಬೇಡಿಕೊಂಡಿತು. ಜನ ಕಿವಿಗೊಡಲಿಲ್ಲ.

ಜನರ ಬಾಯಲ್ಲಿದ್ದ ಈ ಎರಡು ಹೆಸರುಗಳನ್ನು ಹಿಡಿದುಕೊಂಡು ಒಂದು ಸಂಸ್ಥೆ ವ್ಯಾಪಾರಕ್ಕಿಳಿಯಿತು. ಅದರ ಹೆಸರೇ 'ಕೋಕ್ ಕಂಪನಿ ಆಫ್ ಅಮೆರಿಕ'. ಆದರೆ ಕಾಗುಣಿತ 'ಕೆ'ಯಿಂದ. ಮಾಲಿನ ಹೆಸರುಗಳು 'ಕೋಕ್' ಮತ್ತು 'ಡೋಪ್'. ಕೋಕಾ-ಕೋಲಾ ಕಂಪನಿ ದಾವೆ ಹೂಡಿತು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದಿತು, ಮೇಲ್ಮನವಿಯಲ್ಲಿ ಸೋತಿತು. ಕೊಕೇನನ್ನು ತೆಗೆದ ಮೇಲೂ ಅದೇ ಹೆಸರನ್ನು ಇಟ್ಟುಕೊಂಡು ಜನರನ್ನು ತಪ್ಪುದಾರಿಗೆ ಎಳೆದವರು ತಾವೇ ಮೋಸಹೋದೆವೆಂದು ಬಂದರೆ ಹೇಗೆ ಎಂಬುದು ಮೇಲ್ಮನವಿ ನ್ಯಾಯಾಲಯದ ನಿಲುವು. ಕೊನೆಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ 1920ರ ಡಿಸೆಂಬರ್ 6ರಂದು ನ್ಯಾಯಮೂರ್ತಿ ಆಲಿವರ್ ವೆಂಡೆಲ್ ಹೋಮ್ಸ್ ತೀರ್ಪು ಬರೆದರು.

ಆ ತೀರ್ಪು ಬಹಳ ಚಿಕ್ಕದು; ಬಹಳ ಚೊಕ್ಕಟವಾದದ್ದು. ಈ ಹೆಸರು ಕೇಳಿದಾಗ ಜನರ ಮನಸ್ಸಿಗೆ ಬರುವುದು ಗಿಡದ ಎಲೆಯಲ್ಲ, ಎಲ್ಲ ಕಡೆ ಸಿಗುವ ಒಂದು ಪಾನೀಯ. ಅದೂ ಒಂದೇ ಮೂಲದಿಂದ ಬರುವ ಪಾನೀಯ. ಆದ್ದರಿಂದ ಹೆಸರಿನಲ್ಲಿ ಮೋಸವೇನೂ ಉಳಿದಿಲ್ಲ. 'ಕೋಕ್' ಎಂಬುದನ್ನು ಯಾವ ಅಕ್ಷರದಿಂದ ಬರೆದರೂ ಜನ ಅದನ್ನು ಕೋಕಾ-ಕೋಲಾ ಎಂದೇ ತಿಳಿಯುತ್ತಾರೆ. ಆದ್ದರಿಂದ ಎದುರಾಳಿ ಅದನ್ನು ಬಳಸಕೂಡದು. ಆದರೆ 'ಡೋಪ್' ಎಂಬುದು ಯಾವುದಕ್ಕೂ ಅಂಟಿಕೊಳ್ಳದ ಸಾಮಾನ್ಯ ಮಾತು. ಅದನ್ನು ಬೇಕಾದರೆ ಬಳಸಿಕೊಳ್ಳಲಿ. ಇದು ತೀರ್ಪಿನ ತಿರುಳು. ಕಂಪನಿ ತಾನು ನೋಂದಾಯಿಸದ, ತನಗೆ ಇಷ್ಟವೇ ಇಲ್ಲದ, ಬಳಸಬೇಡಿರೆಂದು ತಾನೇ ಜನರನ್ನು ಬೇಡಿಕೊಂಡಿದ್ದ ಒಂದು ಅಡ್ಡಹೆಸರಿನ ಮೇಲೆ ಅದಕ್ಕೆ ಹಕ್ಕು ದೊರೆಯಿತು. ಆ ಹಕ್ಕನ್ನು ಸಂಪಾದಿಸಿಕೊಟ್ಟವರು ಅಂಗಡಿಯ ಮುಂದೆ ನಿಂತು ಹೆಸರನ್ನು ಮುರಿದು ಮಾತನಾಡಿದ ಗಿರಾಕಿಗಳು.

ಕಂಪನಿ ಇದನ್ನು ಒಪ್ಪಿಕೊಳ್ಳಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. 1941ರಲ್ಲಿ ಮೊದಲ ಬಾರಿಗೆ ತನ್ನ ಜಾಹೀರಾತಿನಲ್ಲಿ 'ಕೋಕ್' ಎಂದು ಹಾಕಿತು. 1945ರಲ್ಲಿ ಅದನ್ನು ನೋಂದಾಯಿಸಿಕೊಂಡಿತು. ಇಂತಹ ಪಾಠ ಎಲ್ಲರಿಗೂ ಒಂದೇ ಸಲಕ್ಕೆ ಹತ್ತುವುದಿಲ್ಲ. 2010ರಲ್ಲಿ ಷೆವ್ರೊಲೆ ಮೋಟಾರು ಕಂಪನಿಯ ಮೇಲಧಿಕಾರಿಗಳು 'ಷೆವಿ' ಎಂಬ ಅಡ್ಡಹೆಸರನ್ನು ಬಳಸಬೇಡಿರೆಂದು ನೌಕರರಿಗೆ ಸೂಚನೆ ಕಳಿಸಿ, ಜನ ನಕ್ಕ ಮೇಲೆ ಸಮಜಾಯಿಷಿ ಕೊಡಬೇಕಾಯಿತು.

ಕನ್ನಡದ ಓದುಗರು ಇಷ್ಟು ಹೊತ್ತಿಗೆ ಒಂದು ವಿಷಯವನ್ನು ಗಮನಿಸಿರಬೇಕು. ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಆ 'ಸಿ' ಮತ್ತು 'ಕೆ'ಗಳ ಭೇದವನ್ನು ಕನ್ನಡದಲ್ಲಿ ಬರೆದು ತೋರಿಸುವುದೇ ಸಾಧ್ಯವಿಲ್ಲ. ನಮಗೆ ಇರುವುದು ಒಂದು ಕಕಾರ. ವಾದಿಯೂ ಪ್ರತಿವಾದಿಯೂ ಅದರೊಳಗೆ ಒಂದಾಗಿಬಿಡುತ್ತಾರೆ. ಕೆಡಿಸಿದ ಕಾಗುಣಿತದಿಂದ ಹೊಸ ಹೆಸರು ಹುಟ್ಟಿಸುವ ಇಂಗ್ಲಿಷಿನ ವಿದ್ಯೆ ಇಲ್ಲಿ ನಡೆಯುವುದಿಲ್ಲ. ಅಮೆರಿಕದ ನ್ಯಾಯಾಲಯಗಳೂ ತಡವಾಗಿಯಾದರೂ ಈ ಮಾತಿಗೇ ಬಂದವು. 'ಲೈಟ್' ಎಂಬ ಪದದ ಕಾಗುಣಿತವನ್ನು ಮೊಟಕುಗೊಳಿಸಿ ತನ್ನ ಬಿಯರಿಗೆ ಇಟ್ಟಿದ್ದ ಮಿಲ್ಲರ್ ಕಂಪನಿಯು ಅದು ತನ್ನದೇ ಸ್ವತ್ತು ಎಂದು ವಾದಿಸಿದಾಗ, 1977ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಕಣ್ಣಿಗೆ ಬೇರೆಯಾಗಿ ಕಂಡರೂ ಕಿವಿಗೆ ಒಂದೇ ಆದ ಮೇಲೆ ಅದು ಎಲ್ಲರ ಪದವೇ ಎಂದಿತು.

ಅದೇ 1977ರಲ್ಲಿ ಕೋಕಾ-ಕೋಲಾ ಭಾರತವನ್ನು ಬಿಟ್ಟುಹೋಯಿತು. ಜನತಾ ಸರ್ಕಾರದಲ್ಲಿ ಕೈಗಾರಿಕಾ ಮಂತ್ರಿಗಳಾಗಿದ್ದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬಂಡವಾಳದ ಪಾಲನ್ನು ಭಾರತೀಯರಿಗೆ ಬಿಟ್ಟುಕೊಡಬೇಕು, ತಯಾರಿಕೆಯ ಗುಟ್ಟನ್ನೂ ಹೇಳಬೇಕು ಎಂಬ ಷರತ್ತಿಗೆ ಕಂಪನಿ ಒಪ್ಪಲಿಲ್ಲ. ಅದರ ಜಾಗಕ್ಕೆ ಸರ್ಕಾರವೇ ಒಂದು ಪಾನೀಯವನ್ನು ತಂದಿತು. ಅದರ ಸೂತ್ರವನ್ನು ಸಿದ್ಧಪಡಿಸಿದ್ದು ನಮ್ಮ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ. ಇಸವಿಯ ನೆನಪಿಗೆ ಇಟ್ಟ ಹೆಸರು 'ಡಬಲ್ ಸೆವೆನ್'. ಕಾಗುಣಿತಕ್ಕೂ ಉಚ್ಚಾರಕ್ಕೂ ಜಗಳವಿಲ್ಲದ ಆ ನಿರ್ದುಷ್ಟ ಹೆಸರು ಬಹುಕಾಲ ಬಾಳಲಿಲ್ಲ. ಬಾಳಿದ್ದು ಪಾರ್ಲೆಯವರ 'ಥಮ್ಸ್ ಅಪ್'. ಹೆಬ್ಬೆರಳಿನ ಇಂಗ್ಲಿಷ್ ಪದದಲ್ಲಿ ಉಚ್ಚಾರಕ್ಕೆ ಬಾರದ 'ಬಿ' ಅಕ್ಷರವೊಂದಿದೆ. ಬಾಟಲಿಯ ಮೇಲೆ ಅದು ಇಲ್ಲ. ಇಂಗ್ಲಿಷ್ ಪಾಠ ಮಾಡುತ್ತಿದ್ದ ನನ್ನ ಸಹೋದ್ಯೋಗಿಯೊಬ್ಬರಿಗೆ ಆ ಬಾಟಲಿ ಕಂಡರೆ ಆಗುತ್ತಿರಲಿಲ್ಲ. ಉಕ್ತಲೇಖನದಲ್ಲಿ 'ಬಿ' ಬಿಟ್ಟ ಹುಡುಗನ ಅಂಕ ಕಳೆದರೆ, "ಬಾಟಲಿ ಮೇಲೆ ಹೀಗೇ ಐತಲ್ಲಾ ಸಾರ್" ಎಂದು ಅವನು ಸಾಕ್ಷಿ ತೋರಿಸುತ್ತಿದ್ದ. ಗುರುಗಳ ಬಳಿ ಅದಕ್ಕೆ ಉತ್ತರವಿರಲಿಲ್ಲ, ಅಂಕವನ್ನಂತೂ ಕೊಡಲಿಲ್ಲ.

ನಮ್ಮ ದೇಶದ ವ್ಯಾಜ್ಯಗಳು ನನಗೆ ಕೋಕಿನ ವ್ಯಾಜ್ಯಕ್ಕಿಂತ ಹೆಚ್ಚು ಹೃದ್ಯವಾಗಿ ಕಾಣುತ್ತವೆ. 'ಅಮೃತಧಾರಾ' ಎಂಬ ಔಷಧದ ಶೀಶೆ ಹಿಂದೆ ಎಷ್ಟೋ ಮನೆಗಳಲ್ಲಿ ಇರುತ್ತಿತ್ತು. ತಲೆನೋವಿಗೂ ಅದೇ, ಹೊಟ್ಟೆ ಕೆಟ್ಟರೂ ಅದೇ. 1923ರಿಂದ ಇನ್ನೊಬ್ಬರು ಅದೇ ಬಗೆಯ ಔಷಧವನ್ನು 'ಲಕ್ಷ್ಮಣಧಾರಾ' ಎಂಬ ಹೆಸರಿನಿಂದ ಮಾರುತ್ತಿದ್ದರು. 1950ರಲ್ಲಿ ಅವರು ಆ ಹೆಸರನ್ನು ನೋಂದಾಯಿಸಲು ಹೋದಾಗ ಅಮೃತಧಾರಾದವರು ಅಡ್ಡಬಂದರು. ಅಲಹಾಬಾದಿನ ಉಚ್ಚ ನ್ಯಾಯಾಲಯ ಪದಗಳನ್ನು ಬಿಡಿಸಿ ನೋಡಿತು: ಅಮೃತದ ಧಾರೆ ಬೇರೆ, ಲಕ್ಷ್ಮಣನ ಧಾರೆ ಬೇರೆ, ಹಿಂದಿ ಬಲ್ಲವರಿಗೆ ಗೊಂದಲವೆಲ್ಲಿ? ವ್ಯಾಕರಣದ ದೃಷ್ಟಿಯಿಂದ ಇದು ಸರಿಯಾದ ವಿಗ್ರಹವಾಕ್ಯವೇ. ಆದರೆ 1962ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಲಿಲ್ಲ. ಔಷಧ ಕೊಳ್ಳುವವನು ಸಮಾಸವನ್ನು ಬಿಡಿಸಿ ಅರ್ಥ ನೋಡುವವನಲ್ಲ. ಅವನು ಸಾಮಾನ್ಯ ತಿಳಿವಳಿಕೆಯ, ಅರ್ಧಂಬರ್ಧ ನೆನಪಿನ ಮನುಷ್ಯ, ಹಳ್ಳಿಯವನಿರಬಹುದು, ಎಂದೋ ಕೇಳಿದ ಹೆಸರಿನ ಒಟ್ಟು ನಾದವಷ್ಟೇ ಅವನ ಕಿವಿಯಲ್ಲಿ ಉಳಿದಿರುತ್ತದೆ. ಆ ನಾದ ಒಂದೇ ತೆರನಾಗಿದ್ದರೆ ಅವನು ಮೋಸಹೋಗುತ್ತಾನೆ ಎಂದು ನ್ಯಾಯಾಲಯ ಹೇಳಿತು. ಆದರೂ ಇಷ್ಟು ವರ್ಷ ಸುಮ್ಮನಿದ್ದು ನೋಡಿದ್ದರೆಂಬ ಕಾರಣಕ್ಕೆ, ಉತ್ತರ ಪ್ರದೇಶದ ಮಟ್ಟಿಗೆ ಮಾತ್ರ ಲಕ್ಷ್ಮಣನಿಗೂ ಜಾಗ ಸಿಕ್ಕಿತು.

ಅದಕ್ಕೂ ಮೊದಲು, 1959ರಲ್ಲಿ, 'ಗ್ಲೂಕೋವಿಟ' ಮತ್ತು 'ಗ್ಲುವಿಟ' ಎಂಬ ಹೆಸರುಗಳ ವ್ಯಾಜ್ಯ ಬಂದಿತ್ತು. ಒಂದು ಗ್ಲೂಕೋಸಿನ ಪುಡಿ, ಇನ್ನೊಂದು ಬಿಸ್ಕತ್ತು. ನಡುವಿನ ಒಂದಕ್ಷರ ಬಿಟ್ಟರೆ ಎರಡೂ ಒಂದೇ. ಇವು ಇಂಗ್ಲಿಷ್ ಮಾತುಗಳು. ಈ ದೇಶದ ಬಹುಜನರಿಗೆ ಅದು ಪರಭಾಷೆ. ಆ ಒಂದಕ್ಷರದ ಹೆಚ್ಚುಕಡಿಮೆಯಿಂದ ಅವರು ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾರರು ಎಂದು ನ್ಯಾಯಾಲಯ ಎರಡನೆಯ ಹೆಸರನ್ನು ನಿರಾಕರಿಸಿತು. 2001ರಲ್ಲಿ ಮಿದುಳಿನ ಮಲೇರಿಯಾಕ್ಕೆ ಕೊಡುವ 'ಫಾಲ್ಸಿಗೊ', 'ಫಾಲ್ಸಿಟ್ಯಾಬ್' ಎಂಬ ಎರಡು ಮದ್ದುಗಳ ಹೆಸರಿನ ವಿವಾದ ಬಂದಾಗ ಅದೇ ನ್ಯಾಯಾಲಯ ಇನ್ನೂ ಕಟ್ಟುನಿಟ್ಟಾಗಿ ಮಾತನಾಡಿತು. ಬಿಸ್ಕತ್ತು ತಪ್ಪಿದರೆ ದುಡ್ಡು ಹೋಗುತ್ತದೆ, ಮದ್ದು ತಪ್ಪಿದರೆ ಪ್ರಾಣವೇ ಹೋಗಬಹುದು. ಹಲವು ಭಾಷೆಗಳಿರುವ, ಓದುಬರಹ ಬಾರದವರು ಬಹಳಿರುವ ದೇಶದಲ್ಲಿ ಮದ್ದಿನ ಹೆಸರುಗಳ ಹೋಲಿಕೆಯನ್ನು ಹೆಚ್ಚು ಕಠಿಣವಾಗಿ ಅಳೆಯಬೇಕು ಎಂದಿತು. ಬಾಸ್ಟನ್ನಿನ ಪತ್ರಿಕೆ ಯಾವ ಕಿವಿಯನ್ನು ನೋಡಿ ನಕ್ಕಿತ್ತೋ ಆ ಕಿವಿಯನ್ನೇ ನಮ್ಮ ನ್ಯಾಯಾಲಯ ಅಳತೆಗೋಲಾಗಿ ಇಟ್ಟುಕೊಂಡಿತು.

ಈಗ ಆ ಸಾಬೂನು. ಲೀವರ್ ಸೋದರರು 1890ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ಹೊರತಂದರು. 'ಬಾಯ್' ಎಂದರೆ ಇಲ್ಲಿ ಹುಡುಗನಲ್ಲ. ಮುಳುಗುವವನಿಗೆ ಎಸೆಯುವ ತೇಲುಬಳೆ. ಆ ಪದವನ್ನು ಇಂಗ್ಲೆಂಡಿನವರು 'ಬಾಯ್' ಎಂದರೆ ಅಮೆರಿಕದವರು 'ಬೂಯಿ' ಎನ್ನುತ್ತಾರೆ. ಪೇಟೆಯ ಹುಡುಗರು ನಕ್ಕದ್ದು 'ಫ' ಬದಲು ಬಂದ 'ಪ'ಕಾರಕ್ಕೆ. ಆದರೆ ನಮ್ಮ ವರ್ಣಮಾಲೆಯ 'ಫ' ಮಹಾಪ್ರಾಣ; ಇಂಗ್ಲಿಷಿನ ಧ್ವನಿ ಅದಲ್ಲವೇ ಅಲ್ಲ, ಅದಕ್ಕೆಂದೇ ಕೆಲವರು ಅಕ್ಷರದ ಕೆಳಗೆ ಚುಕ್ಕಿಗಳನ್ನು ಇಡುತ್ತಾರೆ. ಹಾಗೆ ನೋಡಿದರೆ ನಕ್ಕವರು ಬರೆದದ್ದೂ ಅಷ್ಟೇ ದೂರ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಸಂಸ್ಕೃತದ ಮಾತುಗಳು ಕನ್ನಡದ ಬಾಯಿಗೆ ಬಂದಾಗ ಹೇಗೆ ರೂಪಾಂತರ ಹೊಂದುತ್ತವೆಂದು ಒಂದು ಪ್ರಕರಣವನ್ನೇ ಬರೆದ. ಕಾವ್ಯ ಕಬ್ಬವಾಯಿತು, ವಿದ್ಯೆ ಬಿಜ್ಜೆಯಾಯಿತು. ಅವುಗಳನ್ನು ತದ್ಭವವೆಂದು ಕರೆದು ನಾವು ಪರೀಕ್ಷೆಯಲ್ಲಿ ಎರಡು ಅಂಕ ಕೊಡುತ್ತೇವೆ. ಲೈಪ್‌ಬಾಯ್, ಆಪೀಸು, ಬಸ್ಸು ಮೊದಲಾದವು ಅದೇ ದಾರಿಯಲ್ಲಿ ನಡೆದುಬಂದವು.

ಹೆಸರಿಟ್ಟವರ ಉಚ್ಚಾರವೇ ಶುದ್ಧ ಎನ್ನುವವರ ಪಾಡು ಇನ್ನೂ ಕಷ್ಟ. ನಾವು ನಮ್ಮದೇ ಎಂದು ತಿಳಿದಿರುವ 'ಬಾಟಾ' 1894ರಲ್ಲಿ ಈಗಿನ ಚೆಕ್ ದೇಶದ ಜ್ಲೀನ್ ಎಂಬ ಊರಿನಲ್ಲಿ ಹುಟ್ಟಿತು. ಆ ಮನೆತನದ ಹೆಸರನ್ನು ಅಲ್ಲಿಯವರು ಹೇಳುವುದು ಹೆಚ್ಚುಕಡಿಮೆ 'ಬಾತ್ಯ' ಎಂದು. ಅಂಗಡಿಗೆ ಹೋಗಿ 'ಬಾತ್ಯ ಚಪ್ಪಲಿ ಕೊಡಿ' ಎಂದರೆ ಮಾರುವವನು ಮುಖ ನೋಡಿಯಾನು. 'ನೆಸ್ಲೆ' ಎಂಬುದು ಜರ್ಮನಿಯ ಫ್ರಾಂಕ್‌ಫರ್ಟಿನಿಂದ ಸ್ವಿಟ್ಜರ್ಲೆಂಡಿಗೆ ಬಂದು ನೆಲೆಸಿದವನ ಮನೆತನದ ಹೆಸರು. ಪುಟ್ಟ ಗೂಡು ಎಂದು ಅರ್ಥ, ಅದರ ಲಾಂಛನದಲ್ಲಿಯೂ ಹಕ್ಕಿಗೂಡಿದೆ. ಇಂಗ್ಲೆಂಡಿನ ಹಳೆಯ ತಲೆಮಾರಿನವರು ಅದನ್ನು 'ನೆಸಲ್ಸ್' ಎನ್ನುತ್ತಿದ್ದರು. 'ನೈಕಿ' ಎಂಬ ಪಾದರಕ್ಷೆಯ ಹೆಸರು ಗ್ರೀಕರ ವಿಜಯದೇವತೆಯದು. 'ನೈಕ್' ಸರಿಯೋ 'ನೈಕಿ' ಸರಿಯೋ ಎಂದು 2014ರಲ್ಲಿ ಇಬ್ಬರು ಪತ್ರ ಬರೆದು ಕೇಳಿದಾಗ ಸ್ಥಾಪಕ ಫಿಲ್ ನೈಟ್ ಎರಡನೆಯದಕ್ಕೆ ಗುರುತು ಹಾಕಿ ಕಳಿಸಿದರು. ಗ್ರೀಕರ ಬಾಯಲ್ಲಿ ಅದು ಎರಡೂ ಅಲ್ಲ, 'ನೀಕಿ'. 2023ರಲ್ಲಿ ಕೊರಿಯಾದ ಮೋಟಾರು ಕಂಪನಿಯೊಂದು ತನ್ನ ಹೆಸರನ್ನು ತಪ್ಪಾಗಿ ಹೇಳುತ್ತಿದ್ದೀರೆಂದು ಬ್ರಿಟನ್ನಿನ ಜನರಿಗೆ ಜಾಹೀರಾತಿನ ಮೂಲಕವೇ ಪಾಠ ಹೇಳಿತು, 'ಹ್ಯುಂಡೇ' ಎನ್ನಬೇಕಂತೆ. ತಮಿಳುನಾಡಿನ ಕಾರ್ಖಾನೆಯಿಂದ ಬೆಂಗಳೂರಿಗೆ ಬರುವ ಆ ಕಾರುಗಳನ್ನು ನಮ್ಮ ಪತ್ರಿಕೆಗಳು ಹುಂಡೈ, ಹ್ಯುಂಡೈ, ಹುಂಡಾಯ್ ಎಂದು ಬರೆಯುತ್ತ ಬಂದಿವೆ.

ಕೊನೆಯದಾಗಿ ಗಣಕಯಂತ್ರದ ಕಾಲದ ಒಂದು ಜಗಳ. 1987ರಲ್ಲಿ ಕಂಪ್ಯುಸರ್ವ್ ಎಂಬ ಸಂಸ್ಥೆಯ ಸ್ಟೀವ್ ವಿಲ್‌ಹೈಟ್ ಮತ್ತು ಅವರ ಜೊತೆಗಾರರು ಚಿತ್ರಗಳನ್ನು ಹಗುರವಾಗಿ ಕಳುಹಿಸುವ ಒಂದು ಕ್ರಮವನ್ನು ರೂಪಿಸಿದರು. ಇಂದು ಮೊಬೈಲುಗಳಲ್ಲಿ ಕುಣಿಯುವ ಪುಟ್ಟ ಚಿತ್ರಗಳೆಲ್ಲ ಅದರ ಸಂತಾನ. ಮೂರಕ್ಷರದ ಆ ಹೆಸರು 'ಗಿಫ್' ಎಂದೋ 'ಜಿಫ್' ಎಂದೋ? ಮೊದಲಕ್ಷರ ನಿಂತಿರುವುದು 'ಗ್ರಾಫಿಕ್ಸ್' ಎಂಬ ಪದಕ್ಕೆ, ಆದ್ದರಿಂದ ಗಕಾರವೇ ಸರಿ ಎಂದು ಒಂದು ಪಕ್ಷ. ಹುಟ್ಟಿಸಿದವನೇ ಜಕಾರ ಎನ್ನುತ್ತಿರುವಾಗ ನೀವು ಯಾರು ಎಂದು ಇನ್ನೊಂದು ಪಕ್ಷ. 2013ರಲ್ಲಿ ವಿಲ್‌ಹೈಟ್ ಅವರಿಗೆ ಒಂದು ಪ್ರಶಸ್ತಿ ಬಂದಿತು; ಐದೇ ಪದಗಳಲ್ಲಿ ಭಾಷಣ ಮುಗಿಸಬೇಕೆಂಬುದು ಅಲ್ಲಿಯ ನಿಯಮ. ಅವರು ಬಾಯಿ ತೆರೆಯದೆ, ತಾವು ಕಂಡುಹಿಡಿದ ಕ್ರಮದ ಚಿತ್ರವೊಂದರಲ್ಲಿಯೇ ಜಕಾರದ ಪರವಾದ ಐದು ಪದಗಳನ್ನು ಪರದೆಯ ಮೇಲೆ ತೋರಿಸಿದರು. ಜನ ಚಪ್ಪಾಳೆ ತಟ್ಟಿದರು. ಅನಂತರವೂ ಬಹಳ ಮಂದಿ ಗಕಾರವನ್ನು ಬಿಡಲಿಲ್ಲ. ನಿಘಂಟುಗಳು ಎರಡನ್ನೂ ಕೊಟ್ಟು ಸುಮ್ಮನಾದವು. 2022ರಲ್ಲಿ ವಿಲ್‌ಹೈಟ್ ತೀರಿಕೊಂಡರು. ಇಂಗ್ಲಿಷಿನವರಿಗೆ ಒಂದು ಸೌಕರ್ಯವಿದೆ: ಹೇಗೆ ಉಚ್ಚರಿಸಿದರೂ ಬರೆಯುವುದು ಅವೇ ಮೂರಕ್ಷರ. ಕನ್ನಡದಲ್ಲಿ ಬರೆಯುವವನಿಗೆ ಆ ಸೌಕರ್ಯವೂ ಇಲ್ಲ. ಲೇಖನಿ ಕಾಗದಕ್ಕೆ ತಾಗುವ ಮೊದಲೇ ಗಕಾರವೋ ಜಕಾರವೋ ಅವನು ತೀರ್ಮಾನಿಸಲೇಬೇಕು. ಮೇಲೆ ನಾನು ಎರಡನ್ನೂ ಬರೆದಿದ್ದೇನೆ. ಮೊಮ್ಮಗಳು ಓದಿ, "ಅಜ್ಜ, ನಾವು ಸ್ಟಿಕ್ಕರ್ ಅಂತೀವಿ" ಎಂದಳು.